ಬೆಕ್ಕಿನ ಪಿತ್ತನಾಳ ದಪ್ಪಗಾಗಿದೆ ಅಂತ ಸ್ಕ್ಯಾನ್ ರಿಪೋರ್ಟ್ ಬಂದಿದೆ, ಆಪರೇಷನ್ ಮಾಡಿಸಲೇಬೇಕಾ?

ಪ್ರಶ್ನೆ: ನಮ್ಮ ಬೆಕ್ಕಿಗೆ ಎಂಟು ವರ್ಷ. ಹೆಣ್ಣು, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಮೊದಲು 5.3 ಕೆ.ಜಿ. ಇತ್ತು, ಈಗ 4.5. ಐದು ದಿನದಿಂದ ಊಟ ಮುಟ್ಟಿಲ್ಲ, ಆಗಾಗ ವಾಂತಿ, ಕಿವಿಯ ಒಳಗೆ ಮತ್ತು ವಸಡು ಹಳದಿ. ರಕ್ತದಲ್ಲಿ ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ 5.2, ಲಿವರ್ ಕಿಣ್ವಗಳಾದ ಎಎಲ್‌ಟಿ ಮತ್ತು ಎಎಲ್‌ಪಿ ಎರಡೂ ಜಾಸ್ತಿ. ಸ್ಕ್ಯಾನ್ ರಿಪೋರ್ಟ್ ಹೀಗಿದೆ: ಲಿವರ್ ದೊಡ್ಡದಾಗಿದೆ, ಬೆಳ್ಳಗೆ ಕಾಣುತ್ತದೆ, ಪಿತ್ತಕೋಶ ಉಬ್ಬಿದೆ, ಒಳಗೆ ಸ್ಲಡ್ಜ್ ಇದೆ, ಸಿಬಿಡಿ (ಮುಖ್ಯ ಪಿತ್ತನಾಳ) 0.58 ಸೆಂ.ಮೀ.; ಗ್ಯಾಸ್ ಇದ್ದದ್ದರಿಂದ ನಾಳದ ಕೆಳಭಾಗ ಮತ್ತು ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಕಂಡಿಲ್ಲ. ಕೊನೆಗೆ 'ಪಿತ್ತನಾಳದಲ್ಲಿ ಅಡ್ಡಿ?' ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಒಬ್ಬ ಡಾಕ್ಟರು ಕೂಡಲೇ ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ಔಷಧಿಯಲ್ಲೇ ನೋಡೋಣ ಅನ್ನುತ್ತಾರೆ. ಪಕ್ಕದ ಮನೆಯವರು ನೆಲನೆಲ್ಲಿ ರಸ ಕುಡಿಸಿ ಅಂತಿದ್ದಾರೆ. ಯಾರನ್ನ ನಂಬಲಿ?

ಉತ್ತರ: ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಂಬಿ. ರಿಪೋರ್ಟ್ ಬರೆದವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ನಾಳ ದಪ್ಪ ಇದೆ, ಅಂದರೆ ಅಗಲಕ್ಕೆ ಹಿಗ್ಗಿದೆ ಅಂತ ಅವರಿಗೆ ಕಂಡಿದೆ, ಅದು ಯಾಕೆ ದಪ್ಪ ಆಯಿತು ಅಂತ ಕಂಡಿಲ್ಲ. ಕಾರಣ ಇರುವ ಜಾಗವೇ ಗ್ಯಾಸ್ ಹಿಂದೆ ಮುಚ್ಚಿಹೋಗಿತ್ತು. ಹಾಗಾಗಿ ಈ ಒಂದು ಸ್ಕ್ಯಾನ್ ಇಟ್ಟುಕೊಂಡು ನೇರವಾಗಿ ಹೊಟ್ಟೆ ಕೊಯ್ಯುವುದು ಬೇಡ, ಹಾಗಂತ 'ನೋಡೋಣ' ಅಂತ ವಾರ ಕಳೆಯುವುದೂ ಬೇಡ. ಈಗ ಆಗಬೇಕಾದ ಕೆಲಸ ಎರಡು. ಇವತ್ತೇ ಬೆಕ್ಕಿಗೆ ಟ್ಯೂಬ್ ಮೂಲಕ ಆಹಾರ ಶುರು ಮಾಡಿಸಿ. ಒಂದೆರಡು ದಿನದೊಳಗೆ, ನಾಳವನ್ನು ಕೊನೆಯ ತನಕ ಹಿಂಬಾಲಿಸಿ ನೋಡುವ ಇನ್ನೊಂದು ಸ್ಕ್ಯಾನ್ ಮಾಡಿಸಿ.

ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪಿತ್ತ ತಯಾರಾಗುವುದು ಲಿವರ್‌ನಲ್ಲಿ, ಶೇಖರವಾಗುವುದು ಪಿತ್ತಕೋಶದಲ್ಲಿ. ಅಲ್ಲಿಂದ ಅದು ಸಿಬಿಡಿ ಎಂಬ ಮುಖ್ಯ ನಾಳದ ಮೂಲಕ ಸಣ್ಣ ಕರುಳಿನ ಮೊದಲ ಭಾಗಕ್ಕೆ, ಅಂದರೆ ಡ್ಯುಯೋಡಿನಮ್‌ಗೆ ಬೀಳುತ್ತದೆ. ಬೆಕ್ಕಿನಲ್ಲಿ ಒಂದು ವಿಶೇಷ ಇದೆ. ಪ್ಯಾಂಕ್ರಿಯಾಸ್‌ನಿಂದ ಬರುವ ನಾಳ, ಕರುಳಿಗೆ ಸೇರುವ ಸ್ವಲ್ಪ ಮುಂಚೆ ಈ ಪಿತ್ತನಾಳದ ಜೊತೆ ಕೂಡಿಕೊಳ್ಳುತ್ತದೆ. ಎರಡಕ್ಕೂ ಬಾಗಿಲು ಒಂದೇ. ಜಠರ ಮುಗಿದು ಸುಮಾರು 3 ಸೆಂ.ಮೀ. ದಾಟಿದ ಮೇಲೆ ಡ್ಯುಯೋಡಿನಮ್ ಗೋಡೆಯಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಅದನ್ನು ಪ್ಯಾಪಿಲಾ ಅನ್ನುತ್ತೇವೆ, ಬಾಗಿಲು ಇರುವುದು ಅಲ್ಲೇ. ನಾಯಿಗಳಲ್ಲಿ ಹೀಗಿಲ್ಲ, ಪ್ಯಾಂಕ್ರಿಯಾಸ್‌ನ ಮುಖ್ಯ ದಾರಿ ಬೇರೆ ಕಡೆ ತೆರೆಯುತ್ತದೆ. ಬೆಕ್ಕುಗಳಲ್ಲಿ ಬಾಗಿಲು ಒಂದೇ ಆದ್ದರಿಂದ ಕರುಳಿನ ಉರಿಯೂತ, ಪ್ಯಾಂಕ್ರಿಯಾಸ್ ಉರಿಯೂತ, ಪಿತ್ತನಾಳದ ಉರಿಯೂತ ಮೂರೂ ಒಟ್ಟಿಗೆ ಬರುವುದು ಸಾಮಾನ್ಯ. ಇದಕ್ಕೆ ಟ್ರಯಡೈಟಿಸ್ ಅಂತ ಹೆಸರೇ ಇದೆ. ನಿಮ್ಮ ರಿಪೋರ್ಟ್‌ನಲ್ಲಿ 'ಪ್ಯಾಂಕ್ರಿಯಾಸ್ ಕಂಡಿಲ್ಲ' ಅನ್ನುವ ಸಾಲು ನನ್ನನ್ನು 0.58 ಅನ್ನುವ ಅಂಕಿಗಿಂತ ಜಾಸ್ತಿ ಕಾಡುವುದು ಇದೇ ಕಾರಣಕ್ಕೆ.

ಈಗ ಆ ಅಂಕಿಗೆ ಬರೋಣ. ಮೊದಲು ಅಳತೆಯ ಗೊಂದಲ. ಮೆಷಿನ್ ಸೆಂಟಿಮೀಟರ್‌ನಲ್ಲಿ ಬರೆಯುತ್ತದೆ, ಡಾಕ್ಟರುಗಳು ಮಿಲಿಮೀಟರ್‌ನಲ್ಲಿ ಮಾತಾಡುತ್ತಾರೆ. 0.58 ಸೆಂ.ಮೀ. ಅಂದರೆ 5.8 ಮಿ.ಮೀ. ಆರೋಗ್ಯವಂತ ಬೆಕ್ಕಿನಲ್ಲಿ ಈ ನಾಳ ಸಾಮಾನ್ಯವಾಗಿ 4 ಮಿ.ಮೀ. ಒಳಗಿರುತ್ತದೆ. 5 ದಾಟಿದರೆ ಅಡ್ಡಿ ಇದೆಯೇನೋ ಅಂತ ಅನುಮಾನಿಸಬೇಕು. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ಈ 4 ಮತ್ತು 5ರ ಗೆರೆ ಬಳಕೆಗೆ ಬಂತು, ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದೇವೆ. ಅಡ್ಡಿ ಇದ್ದ ಬೆಕ್ಕುಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ನಾಳ 5 ಮಿ.ಮೀ. ದಾಟಿತ್ತು ಅನ್ನುವುದು ಅದರ ಸಾರ.

ಆದರೆ ಇದನ್ನು ಉಲ್ಟಾ ಓದಬೇಡಿ. ಅಡ್ಡಿ ಇದ್ದ ಬೆಕ್ಕಿನಲ್ಲಿ ನಾಳ ದಪ್ಪ ಇತ್ತು ಅನ್ನುವುದು ಒಂದು ಮಾತು, ನಾಳ ದಪ್ಪ ಇದ್ದ ಬೆಕ್ಕಿಗೆಲ್ಲ ಅಡ್ಡಿ ಇದೆ ಅನ್ನುವುದು ಬೇರೆ ಮಾತು. ಬಹಳ ಕಾಲದಿಂದ ಪಿತ್ತನಾಳದ ಉರಿಯೂತ ಇರುವ ಬೆಕ್ಕುಗಳಲ್ಲಿ ಅಡ್ಡಿ ಇಲ್ಲದೆಯೂ ನಾಳ ಹಿಗ್ಗಿ, ಗೋಡೆ ದಪ್ಪಗಾಗಿ, ಅಂಕುಡೊಂಕಾಗಿರುತ್ತದೆ. ಹಿಂದೆ ಯಾವತ್ತೋ ಅಡ್ಡಿಯಾಗಿ ತಾನಾಗಿಯೇ ಬಿಟ್ಟುಕೊಂಡ ನಾಳವೂ ಮೊದಲಿನ ಅಳತೆಗೆ ವಾಪಸ್ ಬರದೆ ಅಗಲವಾಗಿಯೇ ಉಳಿಯಬಹುದು. ನಿಮ್ಮ ಬೆಕ್ಕು ಎರಡು ವರ್ಷದ ಹಿಂದೆ 'ಸುಮ್ನೆ' ನಾಲ್ಕು ದಿನ ಊಟ ಬಿಟ್ಟು ಸರಿಹೋಗಿತ್ತಾ? ಹಾಗೇನಾದರೂ ನೆನಪಿದ್ದರೆ ಡಾಕ್ಟರಿಗೆ ಹೇಳಿ. ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು, ಇದು ಮುಖ್ಯವಾಗಿ ನಾಯಿಗಳನ್ನೇ ಜಾಸ್ತಿ ಸ್ಕ್ಯಾನ್ ಮಾಡುವವರಿಗೆ. ಆರೋಗ್ಯವಂತ ನಾಯಿಯಲ್ಲಿ ಪಿತ್ತನಾಳ ಸುಲಭಕ್ಕೆ ಕಾಣುವುದಿಲ್ಲ. ಬೆಕ್ಕಿನಲ್ಲಿ ಎಲ್ಲ ಸರಿಯಿದ್ದರೂ ಕಾಣುತ್ತದೆ. ಹಾಗಾಗಿ 'ನಾಳ ಕಾಣುತ್ತಿದೆ' ಅನ್ನುವುದೇ ಬೆಕ್ಕಿನಲ್ಲಿ ದೋಷವಲ್ಲ. ಪಿತ್ತಕೋಶದ ಕುತ್ತಿಗೆಯೂ ಬೆಕ್ಕಿನಲ್ಲಿ ಸಹಜವಾಗಿಯೇ ಸುರುಳಿಯಾಗಿರುತ್ತದೆ. ಅಡ್ಡವಾಗಿ ಕತ್ತರಿಸಿದ ಹಾಗೆ ನೋಡಿದಾಗ ಅದು ಉಬ್ಬಿದ ನಾಳದ ತರಹವೇ ಕಾಣುತ್ತದೆ, ಅದನ್ನೇ ಸಿಬಿಡಿ ಅಂತ ಅಳೆದುಬಿಡುವ ಸಾಧ್ಯತೆ ಇದೆ. ಕೆಲವು ಬೆಕ್ಕುಗಳಿಗೆ ಪಿತ್ತಕೋಶ ಎರಡು ಹಾಲೆಗಳಾಗಿ ಸೀಳಿಕೊಂಡಿರುತ್ತದೆ, ಹುಟ್ಟಿನಿಂದಲೇ. ಅದೂ ಕಾಯಿಲೆಯಲ್ಲ. ನೋಡಿದವರು ಗಾಬರಿಯಾಗುತ್ತಾರೆ ಅಷ್ಟೇ.

ಸರಿಯಾಗಿ ನೋಡುವುದು ಅಂದರೆ ಹೇಗೆ? ಬೆಕ್ಕಿನ ಹೊಟ್ಟೆಯ ಕೂದಲನ್ನು ಪಕ್ಕೆಲುಬಿನ ಅಂಚಿನ ಮೇಲೂ ಸ್ವಲ್ಪ ಹೋಗುವ ಹಾಗೆ ಬೋಳಿಸಬೇಕು. ಕೂದಲ ಮೇಲೆ ಸ್ಪಿರಿಟ್ ಸುರಿದು ಮಾಡಿದ ಸ್ಕ್ಯಾನ್‌ನಲ್ಲಿ 2 ಮಿ.ಮೀ. ವ್ಯತ್ಯಾಸ ಹುಡುಕುವುದು ಕಷ್ಟ. ಮೈಮೇಲೆ ಇಟ್ಟು ನೋಡುವ ಪ್ರೋಬ್ ಚಿಕ್ಕದಾಗಿರಬೇಕು, ಆವರ್ತನ ಹೆಚ್ಚಿರಬೇಕು, 10 ಮೆಗಾಹರ್ಟ್ಸ್ ಆಸುಪಾಸು ಅಥವಾ ಅದಕ್ಕೂ ಜಾಸ್ತಿ. ಲಿವರ್‌ನ ಬುಡದಲ್ಲಿ ಪೋರ್ಟಲ್ ವೇನ್ ಎಂಬ ದೊಡ್ಡ ರಕ್ತನಾಳ ಇದೆ, ಪಿತ್ತನಾಳ ಅದರ ಪಕ್ಕದಲ್ಲೇ ಹೊಟ್ಟೆಯ ಕಡೆಗೆ ಹಾದುಹೋಗುತ್ತದೆ. ಎರಡೂ ಪರದೆಯ ಮೇಲೆ ಕಪ್ಪು ಕೊಳವೆಗಳೇ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಬಟನ್ ಒತ್ತಿದರೆ ಒಂದರಲ್ಲಿ ಬಣ್ಣ ತುಂಬುತ್ತದೆ, ಇನ್ನೊಂದರಲ್ಲಿ ಇಲ್ಲ. ಬಣ್ಣ ಬರದದ್ದು ಪಿತ್ತನಾಳ. ಬೆಕ್ಕು ಗುರ್‌ಗುಟ್ಟಲು ಶುರು ಮಾಡಿದರೆ ಮಾತ್ರ ಡಾಪ್ಲರ್ ಪರದೆಯೆಲ್ಲ ಬಣ್ಣ ಚೆಲ್ಲಿದ ಹಾಗಾಗಿ ಏನೂ ತಿಳಿಯುವುದಿಲ್ಲ, ಅದು ನಿಲ್ಲಿಸುವ ತನಕ ಕಾಯಬೇಕು.

ಆ ಬಣ್ಣವಿಲ್ಲದ ಕೊಳವೆಯನ್ನು ಹಿಡಿದ ಮೇಲೆ ನಿಧಾನವಾಗಿ ಅದರ ಜೊತೆ ಕೆಳಗೆ ಇಳಿಯಬೇಕು. ಲಿವರ್‌ನಿಂದ ಡ್ಯುಯೋಡಿನಮ್‌ವರೆಗೆ. ದಾರಿಯಲ್ಲಿ ಅಗಲ ಒಂದೇ ಸಮ ಇದೆಯಾ, ಗೋಡೆ ದಪ್ಪಗಿದೆಯಾ, ಒಳಗೆ ಏನಾದರೂ ತೇಲುತ್ತಿದೆಯಾ, ಎಲ್ಲಿ ಬಂದು ಇದ್ದಕ್ಕಿದ್ದ ಹಾಗೆ ಕಿರಿದಾಗುತ್ತದೆ. ಕಿರಿದಾಗುವ ಆ ಜಾಗದಲ್ಲೇ ನಿಲ್ಲಬೇಕು. ಅದು ಸಿಗದಿದ್ದರೆ ಉಲ್ಟಾ ದಾರಿ ಇದೆ. ಜಠರದ ಕೊನೆ ಹಿಡಿದು ಡ್ಯುಯೋಡಿನಮ್‌ಗೆ ಬಂದು, ಪ್ಯಾಪಿಲಾ ಹುಡುಕಿ, ಅಲ್ಲಿಂದ ಮೇಲಕ್ಕೆ ಹತ್ತುವುದು. ಗ್ಯಾಸ್ ಅಡ್ಡ ಬಂದರೆ ಬೆಕ್ಕನ್ನು ಬಲಕ್ಕೆ ಎಡಕ್ಕೆ ಹೊರಳಿಸಿ ನೋಡಬಹುದು, ಪ್ರೋಬ್‌ನಿಂದ ಮೆಲ್ಲಗೆ ಒತ್ತಿ ಗ್ಯಾಸ್ ಸರಿಸಬಹುದು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬಹುದು. ಹೊಟ್ಟೆ ನೋವಿರುವ ಬೆಕ್ಕು ಒತ್ತಲು ಬಿಡುವುದಿಲ್ಲ, ಅದಕ್ಕೆ ನೋವಿನ ಇಂಜೆಕ್ಷನ್ ಮತ್ತು ಸ್ವಲ್ಪ ಮಂಪರಿನ ಔಷಧಿ ಕೊಡುವುದು ತಪ್ಪಲ್ಲ. ಮೊದಲ ಸ್ಕ್ಯಾನ್ ಅರ್ಧಕ್ಕೆ ನಿಲ್ಲಲು ಹೆಚ್ಚಾಗಿ ಮೆಷಿನ್ ಕಾರಣವಲ್ಲ, ಬೆಕ್ಕು ಸಹಕರಿಸಿರುವುದಿಲ್ಲ.

ನಾಳದ ಆ ಕೊನೆಯಲ್ಲಿ ಏನೇನು ಸಿಗಬಹುದು? ಪ್ಯಾಂಕ್ರಿಯಾಸ್ ಊದಿಕೊಂಡು ಹೊರಗಿನಿಂದ ನಾಳವನ್ನು ಅದುಮಿರಬಹುದು. ಆಗ ಪರದೆಯಲ್ಲಿ ಪ್ಯಾಂಕ್ರಿಯಾಸ್ ಕಪ್ಪಾಗಿ, ದಪ್ಪಗೆ, ಸುತ್ತಲಿನ ಕೊಬ್ಬು ಬೆಳ್ಳಗೆ ಹೊಳೆಯುತ್ತಿರುತ್ತದೆ. ಆದರೆ ಬೆಕ್ಕುಗಳಲ್ಲಿ ಪ್ಯಾಂಕ್ರಿಯಾಸ್ ಉರಿಯೂತ ಇದ್ದೂ ಸ್ಕ್ಯಾನ್‌ನಲ್ಲಿ ಕಾಣದೇ ಇರುವುದು ಉಂಟು. ಅದಕ್ಕೆ ಬೆಕ್ಕಿನದೇ ಪ್ಯಾಂಕ್ರಿಯಾಟಿಕ್ ಲೈಪೇಸ್ ಪರೀಕ್ಷೆ ಮಾಡಿಸಬೇಕು. ಮನುಷ್ಯರ ಲ್ಯಾಬ್‌ನಲ್ಲಿ ಮಾಡುವ ಮಾಮೂಲಿ ಅಮೈಲೇಸ್, ಲೈಪೇಸ್ ಬೆಕ್ಕಿಗೆ ಪ್ರಯೋಜನವಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಕಲ್ಲು ಸಿಗಬಹುದು. ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಆದರೆ ನಾಳದ ಕೊನೆಯಲ್ಲಿ ಪಕ್ಕದ ಕರುಳಿನ ಗ್ಯಾಸ್ ಕೂಡ ಹೊಳೆದು ನೆರಳು ಬಿಡುತ್ತದೆ, ಹಾಗಾಗಿ ಎರಡು ಕೋನದಿಂದ ನೋಡಿ ಅದು ನಾಳದ ಒಳಗೇ ಇದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಗಂಟು ಸಿಗಬಹುದು. ಎಂಟು ವರ್ಷದ ಬೆಕ್ಕಿನಲ್ಲಿ ಪಿತ್ತನಾಳದ ಅಥವಾ ಪ್ಯಾಂಕ್ರಿಯಾಸ್‌ನ ಕ್ಯಾನ್ಸರ್ ಸಾಧ್ಯತೆಯನ್ನು ಪಟ್ಟಿಯಿಂದ ತೆಗೆದುಹಾಕಲು ಆಗುವುದಿಲ್ಲ. ಬರೀ ಚಿತ್ರ ನೋಡಿ ಇದು ಕ್ಯಾನ್ಸರ್, ಇದು ಉರಿಯೂತ ಅಂತ ಹೇಳಲೂ ಆಗುವುದಿಲ್ಲ, ಬಾತುಕೊಂಡ ಪ್ಯಾಂಕ್ರಿಯಾಸ್ ಮತ್ತು ಗೆಡ್ಡೆ ಒಂದೇ ತರಹ ಕಾಣುತ್ತವೆ. ಗಟ್ಟಿ ಪಿತ್ತ ಅಂಟಿಕೊಂಡು ಬೂಚಿನ ಹಾಗೆ ಕೂತಿರಬಹುದು. ಹಳೆಯ ಉರಿಯೂತದ ಕಲೆಯಿಂದ ನಾಳ ಬಿಗಿದುಕೊಂಡಿರಬಹುದು.

ಬೆಚ್ಚಗಿನ ಪ್ರದೇಶಗಳಲ್ಲಿ ಇನ್ನೊಂದು ಕಾರಣವಿದೆ, ಪ್ಲಾಟಿನೋಸೋಮಮ್ ಎಂಬ ಚಪ್ಪಟೆ ಹುಳು. ಬಸವನಹುಳು, ಆಮೇಲೆ ಒಂದು ಸಣ್ಣ ನೆಲಕೀಟ, ಆಮೇಲೆ ಹಲ್ಲಿ, ಹಲ್ಲಿ ತಿಂದ ಬೆಕ್ಕು, ಹೀಗೆ ಅದರ ಪ್ರಯಾಣ. ಬೆಕ್ಕಿಗೆ ಬಂದ ಮೇಲೆ ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ಹವಾಯಿ, ಫ್ಲೋರಿಡಾ, ಬ್ರೆಜಿಲ್, ಮಲೇಷ್ಯಾ ಕಡೆ ಇದು ಚೆನ್ನಾಗಿ ಗೊತ್ತಿರುವ ಕಾಯಿಲೆ. ನಮ್ಮ ಮನೆಗಳಲ್ಲಿ ಹಲ್ಲಿಗೇನು ಕೊರತೆಯೇ, ಅಲ್ವಾ? ನಿಮ್ಮ ಬೆಕ್ಕು ಹಲ್ಲಿ ಹಿಡಿಯುವುದಾದರೆ ಇದನ್ನು ತಪ್ಪದೆ ಹೇಳಿ. ಮಲದಲ್ಲಿ ಮೊಟ್ಟೆ ಹುಡುಕಬೇಕು. ನಾಳ ಪೂರ್ತಿ ಮುಚ್ಚಿದ್ದರೆ ಮೊಟ್ಟೆ ಕರುಳಿಗೆ ಇಳಿಯುವುದೇ ಇಲ್ಲ, ಆಗ ಮಲ ಪರೀಕ್ಷೆ ನೆಗೆಟಿವ್ ಬಂದರೂ ಹುಳು ಇರಬಹುದು. ಪಿತ್ತದಲ್ಲೇ ಹುಡುಕಬೇಕಾಗುತ್ತದೆ. ಇದಕ್ಕೆ ಪ್ರಾಜಿಕ್ವಾಂಟೆಲ್ ಕೊಡುತ್ತಾರೆ, ಮಾಮೂಲಿ ಜಂತುಹುಳದ ಡೋಸ್‌ಗಿಂತ ಹೆಚ್ಚು ಪ್ರಮಾಣದಲ್ಲಿ, ಕೆಲವು ದಿನ. ಅಂಗಡಿಯಿಂದ ತಂದು ನೀವೇ ಕೊಡುವಂಥದ್ದಲ್ಲ.

ಈಗ ನಿಮ್ಮ ರಿಪೋರ್ಟ್‌ನ ಉಳಿದ ಸಾಲುಗಳು. 'ಪಿತ್ತಕೋಶ ಉಬ್ಬಿದೆ'. ಐದು ದಿನ ಊಟ ಮಾಡದ ಬೆಕ್ಕಿಗೆ ಪಿತ್ತಕೋಶ ಉಬ್ಬಿಯೇ ಇರುತ್ತದೆ. ಊಟ ಬಂದಾಗಲೇ ಅದು ಹಿಂಡಿಕೊಂಡು ಪಿತ್ತ ಬಿಡುವುದು. ಊಟವೇ ಇಲ್ಲದಿದ್ದರೆ ಪಿತ್ತ ಎಲ್ಲಿಗೆ ಹೋಗಬೇಕು? ಆದ್ದರಿಂದ ಇದೊಂದರಿಂದ ಅಡ್ಡಿ ಅಂತ ಹೇಳಲು ಬರುವುದಿಲ್ಲ. ಉಬ್ಬದ ಪಿತ್ತಕೋಶ ನೋಡಿ ಅಡ್ಡಿ ಇಲ್ಲ ಅನ್ನಲೂ ಬರುವುದಿಲ್ಲ, ಉರಿಯೂತದಿಂದ ಗೋಡೆ ಗಟ್ಟಿಯಾಗಿದ್ದರೆ ಅಡ್ಡಿ ಇದ್ದರೂ ಅದು ಹಿಗ್ಗುವುದಿಲ್ಲ. ನನ್ನನ್ನು ಕೇಳಿದರೆ ಬೆಕ್ಕಿನಲ್ಲಿ ಪಿತ್ತಕೋಶದ ಗಾತ್ರಕ್ಕಿಂತ ಗೋಡೆ ಮುಖ್ಯ. ಅದು 1 ಮಿ.ಮೀ.ಗಿಂತ ತೆಳ್ಳಗಿರಬೇಕು. ದಪ್ಪಗಿದ್ದರೆ ಉರಿಯೂತದ ಕಡೆ ಯೋಚಿಸಬೇಕು, ಜೊತೆಗೆ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾಗಿ ನೀರು ತುಂಬಿಕೊಂಡಿದೆಯಾ ಅಂತಲೂ ನೋಡಬೇಕು. ನಿಮ್ಮ ರಿಪೋರ್ಟ್‌ನಲ್ಲಿ ಗೋಡೆಯ ಅಳತೆ ಇಲ್ಲ. ಮುಂದಿನ ಸಲ ಕೇಳಿ ಬರೆಸಿಕೊಳ್ಳಿ.

'ಸ್ಲಡ್ಜ್' ಅಂದರೆ ಗಟ್ಟಿಯಾದ ಪಿತ್ತ, ಪಾತ್ರೆಯ ತಳದಲ್ಲಿ ಕೂತ ರಾಗಿ ಅಂಬಲಿಯ ಹಾಗೆ. ಬೆಕ್ಕನ್ನು ಹೊರಳಿಸಿದರೆ ಅದೂ ನಿಧಾನಕ್ಕೆ ಹೊರಳುತ್ತದೆ, ನೆರಳು ಬಿಡುವುದಿಲ್ಲ. ನಾಯಿಗಳಲ್ಲಿ ಇದು ತುಂಬಾ ಸಾಮಾನ್ಯ, ಎಷ್ಟೋ ಸಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಕ್ಕುಗಳಲ್ಲಿ ಅಷ್ಟು ಸಾಮಾನ್ಯವಲ್ಲ, ಹಾಗಾಗಿ ಕಂಡಾಗ ಲಿವರ್ ಮತ್ತು ಪಿತ್ತನಾಳದ ಕಡೆ ಒಮ್ಮೆ ಗಮನ ಕೊಡಬೇಕು. ಆದರೆ ನಿಮ್ಮ ಬೆಕ್ಕು ಹೇಗೂ ಉಪವಾಸ ಇದೆ. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

'ಲಿವರ್ ದೊಡ್ಡದು, ಬೆಳ್ಳಗಿದೆ'. ಇದು ದೊಡ್ಡ ವಿಷಯ. ದಪ್ಪಗಿದ್ದ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ನುಗ್ಗುತ್ತದೆ. ಹೆಪ್ಯಾಟಿಕ್ ಲಿಪಿಡೋಸಿಸ್ ಅಂತ ಕರೆಯುತ್ತೇವೆ. ಅದೊಂದೇ ಬೆಕ್ಕನ್ನು ಇಷ್ಟು ಹಳದಿ ಮಾಡಲು ಸಾಕು, ನಾಳದಲ್ಲಿ ಯಾವ ಅಡ್ಡಿಯೂ ಬೇಕಿಲ್ಲ. ನಿಮ್ಮ ಬೆಕ್ಕು 800 ಗ್ರಾಂ ಇಳಿದಿದೆ. ಬೆಕ್ಕಿನ ಮೈಗೆ ಅದು ಸಣ್ಣ ಇಳಿತವಲ್ಲ, ಮೊದಲಿದ್ದ ತೂಕದ ಶೇಕಡಾ 15. ಲಿಪಿಡೋಸಿಸ್ ಈಗಾಗಲೇ ಇದೆ ಅಂತಲೇ ನಾನು ಅಂದುಕೊಳ್ಳುತ್ತೇನೆ. ಪ್ರಶ್ನೆ ಏನೆಂದರೆ ಅದು ಒಂದೇ ಇದೆಯಾ, ಇಲ್ಲ ಬೇರೆ ಕಾಯಿಲೆಯಿಂದ ಊಟ ಬಿಟ್ಟು ಅದು ಶುರುವಾಯಿತಾ. ಹೆಚ್ಚಿನ ಬೆಕ್ಕುಗಳಲ್ಲಿ ಎರಡನೆಯದೇ ನಿಜ.

ಇಲ್ಲಿ ಒಂದು ಅಗ್ಗದ ರಕ್ತ ಪರೀಕ್ಷೆ ಸಹಾಯಕ್ಕೆ ಬರುತ್ತದೆ, ಜಿಜಿಟಿ. ಎಎಲ್‌ಪಿ ತುಂಬಾ ಏರಿದೆ, ಜಿಜಿಟಿ ಮಾತ್ರ ಮಾಮೂಲಿಯಾಗಿದೆ ಅಂದರೆ ಲಿಪಿಡೋಸಿಸ್ ಕಡೆಗೆ ವಾಲುತ್ತದೆ. ಎರಡೂ ಏರಿದ್ದರೆ ಪಿತ್ತನಾಳ ಅಥವಾ ಪ್ಯಾಂಕ್ರಿಯಾಸ್‌ನಲ್ಲಿ ಮೂಲ ಕಾಯಿಲೆ ಇರುವ ಸಾಧ್ಯತೆ ಹೆಚ್ಚು. ಬೆಕ್ಕಿನ ಎಎಲ್‌ಪಿ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಸ್ವಲ್ಪ ಏರಿದ್ದರೂ ಅದಕ್ಕೆ ಅರ್ಥ ಇದೆ. ರಕ್ತಹೀನತೆ ಇದೆಯಾ ಅಂತಲೂ ಮೊದಲೇ ನೋಡಿರಬೇಕು. ಕೆಂಪು ರಕ್ತಕಣ ಒಡೆದು ಬರುವ ಕಾಮಾಲೆಗೆ ಪಿತ್ತನಾಳದ ಸಂಬಂಧವೇ ಇಲ್ಲ, ಆಗ ಈ ಸ್ಕ್ಯಾನ್ ಚರ್ಚೆಯೆಲ್ಲ ವ್ಯರ್ಥ.

ರಿಪೋರ್ಟ್‌ನಲ್ಲಿ ಇಲ್ಲದ ಒಂದು ಮಾತನ್ನು ಗಮನಿಸಿ. ಲಿವರ್ ಒಳಗಿನ ಸಣ್ಣ ಪಿತ್ತನಾಳಗಳು ಹಿಗ್ಗಿವೆ ಅಂತ ಬರೆದಿಲ್ಲ. ಇವು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದೇ ಇಲ್ಲ. ನಾಳ ಪೂರ್ತಿ ಕಟ್ಟಿಕೊಂಡರೆ ಮೊದಲು ಪಿತ್ತಕೋಶ ಮತ್ತು ಮುಖ್ಯ ನಾಳ ಒಂದೆರಡು ದಿನದಲ್ಲಿ ಹಿಗ್ಗುತ್ತವೆ, ಸುಮಾರು ಒಂದು ವಾರದ ಹೊತ್ತಿಗೆ ಲಿವರ್ ಒಳಗಿನ ಕವಲುಗಳೂ ಹಿಗ್ಗಿ, ರಕ್ತನಾಳಗಳ ಜೊತೆ ಸೇರಿ ಪರದೆ ತುಂಬಾ ಕೊಳವೆಗಳೇ ಕೊಳವೆಗಳಾಗಿ ಕಾಣುತ್ತವೆ. ಈ ಕ್ರಮವನ್ನು ನಾಯಿಗಳಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು. ಬೆಕ್ಕಿಗೆ ದಿನಗಳ ಲೆಕ್ಕ ಹಾಗೇ ಅನ್ವಯಿಸಬೇಡಿ, ಆದರೆ ಅಂದಾಜಿಗೆ ಸಾಕು. ನಿಮ್ಮ ಬೆಕ್ಕಿಗೆ ಐದು ದಿನವಾಗಿದೆ. ಎರಡನೇ ಸ್ಕ್ಯಾನ್‌ನಲ್ಲಿ ಈ ಕವಲುಗಳು ಹೊಸದಾಗಿ ಕಂಡರೆ, ಮುಖ್ಯ ನಾಳ 5.8ರಿಂದ 7 ಅಥವಾ 8ಕ್ಕೆ ಹೋಗಿದ್ದರೆ, ಬಿಲಿರುಬಿನ್ ಏರುತ್ತಲೇ ಇದ್ದರೆ, ಆಗ ಆಪರೇಷನ್ ಹೇಳಿದ ಡಾಕ್ಟರ ಮಾತಿಗೆ ತೂಕ ಬರುತ್ತದೆ. ಅಳತೆ ಅಲ್ಲೇ ನಿಂತಿದ್ದು ಬಿಲಿರುಬಿನ್ ಇಳಿಯುತ್ತಿದ್ದರೆ ಔಷಧಿಯ ದಾರಿಯೇ ಸರಿ. ಎರಡೂ ಸಲ ಒಂದೇ ಜಾಗದಲ್ಲಿ, ಸಾಧ್ಯವಾದರೆ ಒಬ್ಬರೇ ಅಳೆಯಬೇಕು. ಬೇರೆ ಬೇರೆ ಕೈ, ಬೇರೆ ಬೇರೆ ಕೋನದಲ್ಲಿ 1 ಮಿ.ಮೀ. ಹೆಚ್ಚುಕಮ್ಮಿ ಆಗುವುದು ಏನೂ ದೊಡ್ಡದಲ್ಲ.

ಮನೆಯಲ್ಲಿ ನೀವು ನೋಡಬಹುದಾದದ್ದು ಮಲದ ಬಣ್ಣ. ಪಿತ್ತ ಒಂದು ಹನಿಯೂ ಕರುಳಿಗೆ ಬೀಳದಿದ್ದರೆ ಮಲ ಬೂದಿ ಅಥವಾ ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಊಟ ಮಾಡದ ಬೆಕ್ಕು ಮಲ ಹಾಕುವುದೇ ಅಪರೂಪ, ಆದರೂ ಹಾಕಿದರೆ ಫೋಟೋ ತೆಗೆದಿಟ್ಟುಕೊಳ್ಳಿ. ಕಂದು ಬಣ್ಣ ಇದ್ದರೆ ಸ್ವಲ್ಪವಾದರೂ ಪಿತ್ತ ಹರಿಯುತ್ತಿದೆ ಅಂತ ಅರ್ಥ.

ಎರಡನೇ ಸ್ಕ್ಯಾನ್ ಹೊತ್ತಿಗೆ ಡಾಕ್ಟರು ಸೂಜಿ ಹಾಕಿ ಮಾದರಿ ತೆಗೆಯೋಣ ಅನ್ನಬಹುದು. ಸ್ಕ್ಯಾನ್ ನೋಡಿಕೊಂಡೇ 22 ಗೇಜ್ ಸೂಜಿಯಿಂದ ಪಿತ್ತಕೋಶದ ಪಿತ್ತ ಎಳೆಯುತ್ತಾರೆ. ಅದನ್ನು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಹಾಕುವುದರ ಜೊತೆಗೆ ಮೈಕ್ರೋಸ್ಕೋಪ್‌ನಲ್ಲೂ ನೋಡಬೇಕು. ಬ್ಯಾಕ್ಟೀರಿಯಾದಿಂದ ಬರುವ ಪಿತ್ತನಾಳದ ಉರಿಯೂತದಲ್ಲಿ ಹೆಚ್ಚಾಗಿ ಸಿಗುವುದು ಕರುಳಿನ ಇ. ಕೋಲಿ. ಯಾವ ಆಂಟಿಬಯಾಟಿಕ್ ನಾಟುತ್ತದೆ ಅಂತ ಇದರಿಂದಲೇ ತಿಳಿಯುವುದು. ಲಿವರ್‌ನಿಂದ ಸೂಜಿಯಲ್ಲಿ ಎಳೆದ ಕೋಶಗಳಲ್ಲಿ ಕೊಬ್ಬಿನ ಗುಳ್ಳೆ ತುಂಬಿದ್ದರೆ ಲಿಪಿಡೋಸಿಸ್ ಖಚಿತ. ಅದು ಖಚಿತವಾದ ಮಾತ್ರಕ್ಕೆ ಅದರ ಹಿಂದೆ ಅಡಗಿದ ಉರಿಯೂತ ಇಲ್ಲ ಅಂತಾಗುವುದಿಲ್ಲ, ಕೆಲವು ಬಗೆಯ ಉರಿಯೂತ ತಿಳಿಯಲು ಬಯಾಪ್ಸಿಯೇ (ಲಿವರ್ ಚೂರು ತೆಗೆದು ನೋಡುವುದು) ಆಗಬೇಕು.

ಪಿತ್ತ ಎಳೆಯುವುದು ಸಾಮಾನ್ಯವಾಗಿ ಸುರಕ್ಷಿತ. ಆದರೆ ನಾಳ ಪೂರ್ತಿ ಕಟ್ಟಿಕೊಂಡು ಒತ್ತಡ ಹೆಚ್ಚಿದ್ದರೆ, ಪಿತ್ತಕೋಶದ ಗೋಡೆ ಕೊಳೆತ ಹಾಗಿದ್ದರೆ ಸೂಜಿಯ ತೂತಿನಿಂದ ಪಿತ್ತ ಹೊಟ್ಟೆಯೊಳಗೆ ಸೋರಬಹುದು. ಅದಕ್ಕೇ ಮೊದಲು ಗೋಡೆ ನೋಡಬೇಕು ಅಂದೆ. ಇನ್ನೊಂದು ಎಚ್ಚರಿಕೆ, ಪಿತ್ತ ಕರುಳಿಗೆ ಬೀಳದಿದ್ದರೆ ವಿಟಮಿನ್ ಕೆ ಹೀರಿಕೊಳ್ಳುವುದಿಲ್ಲ, ವಿಟಮಿನ್ ಕೆ ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಹಳದಿಯಾದ ಬೆಕ್ಕಿಗೆ ಸೂಜಿ ಹಾಕುವ ಮುಂಚೆ ವಿಟಮಿನ್ ಕೆ ಇಂಜೆಕ್ಷನ್ ಆಗಿದೆಯಾ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಗಿದೆಯಾ ಅಂತ ನೀವು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಆಪರೇಷನ್ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಬೆಕ್ಕಿನ ಪಿತ್ತನಾಳದ ಶಸ್ತ್ರಚಿಕಿತ್ಸೆ ಸಣ್ಣ ಮಾತಲ್ಲ. ನಾಳ ಸಪೂರ, ಬೆಕ್ಕು ಸುಸ್ತಾಗಿದೆ, ಲಿವರ್ ಸೋತಿದೆ, ಅರಿವಳಿಕೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಆಪರೇಷನ್ ಆಗಿ ಮೊದಲ ಕೆಲವು ದಿನಗಳಲ್ಲೇ ಸಾಯುವ ಬೆಕ್ಕುಗಳು ಕಡಿಮೆಯೇನಲ್ಲ. ಕಲ್ಲು ಕೂತಿದೆ, ಪಿತ್ತಕೋಶ ಒಡೆದಿದೆ, ಹೊಟ್ಟೆಯಲ್ಲಿ ಪಿತ್ತ ಸೋರಿದೆ, ಇಂಥ ಕಡೆ ಬೇರೆ ದಾರಿಯಿಲ್ಲ, ಮಾಡಲೇಬೇಕು. ಪ್ಯಾಂಕ್ರಿಯಾಸ್ ಊದಿಕೊಂಡು ನಾಳವನ್ನು ಅದುಮಿದ್ದರೆ ಊತ ಇಳಿದ ಮೇಲೆ ನಾಳ ಎಷ್ಟೋ ಸಲ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಡ್ರಿಪ್, ನೋವಿನ ಔಷಧಿ, ವಾಂತಿ ನಿಲ್ಲಿಸುವ ಔಷಧಿ, ಆಹಾರ, ಮತ್ತೆ ಮತ್ತೆ ಸ್ಕ್ಯಾನ್. ಯಾವುದು ಅಂತ ತಿಳಿಯದೆ ಕೊಯ್ದರೆ, ಕೊಯ್ಯುವ ಅಗತ್ಯವೇ ಇಲ್ಲದ ಬೆಕ್ಕನ್ನು ಕಳೆದುಕೊಳ್ಳಬಹುದು. ಕೆಳಭಾಗ ಕಾಣಲೇಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಎರಡನೇ ಸ್ಕ್ಯಾನ್‌ನಲ್ಲೂ ಕಾಣದಿದ್ದರೆ ಸಿಟಿ ಸ್ಕ್ಯಾನ್ ಇರುವ ಕಡೆ ಹೋಗಬಹುದು.

ಉರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟಿದ್ದರೆ, ಪೂರ್ತಿ ಅಡ್ಡಿ ಇಲ್ಲ ಅಂತ ಖಾತ್ರಿಯಾಗುವ ತನಕ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಅದು ಪಿತ್ತದ ಹರಿವು ಹೆಚ್ಚಿಸುವ ಔಷಧಿ. ಹರಿಯಲು ದಾರಿಯೇ ಇಲ್ಲದಾಗ ಹರಿವು ಹೆಚ್ಚಿಸಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ನೆಲನೆಲ್ಲಿ ರಸ ಬೇಡ. ನಮ್ಮಲ್ಲಿ ಕಾಮಾಲೆ ಅಂದ ಕೂಡಲೇ ಅದು ನೆನಪಾಗುವುದು ಸಹಜ, ಆದರೆ ನಾಳಕ್ಕೆ ಅಡ್ಡ ಕೂತ ಕಲ್ಲನ್ನೋ ಗಂಟನ್ನೋ ಅದು ತೆಗೆಯುವುದಿಲ್ಲ, ಮೇಲಾಗಿ ವಾಂತಿ ಮಾಡುವ ಬೆಕ್ಕಿನ ಬಾಯಿಗೆ ರಸ ಸುರಿದರೆ ಶ್ವಾಸಕೋಶಕ್ಕೆ ಹೋಗಬಹುದು. ಜ್ವರ ಇದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಚೂರು ಕೂಡ ಕೊಡಬೇಡಿ. ಬೆಕ್ಕಿಗೆ ಅದು ವಿಷ, ಒಂದು ಮಾತ್ರೆ ಜೀವ ತೆಗೆಯುತ್ತದೆ.

ಆಹಾರದ ವಿಷಯ ಮೊದಲೇ ಹೇಳಿದೆ, ಮತ್ತೆ ಹೇಳುತ್ತೇನೆ, ಯಾಕೆಂದರೆ ಸ್ಕ್ಯಾನ್ ಗಲಾಟೆಯಲ್ಲಿ ಇದೇ ಮರೆತುಹೋಗುವುದು. 4.5 ಕೆ.ಜಿ. ಬೆಕ್ಕಿಗೆ ಸುಮ್ಮನೆ ಮಲಗಿರಲು ದಿನಕ್ಕೆ ಸುಮಾರು 215 ಕಿಲೋಕ್ಯಾಲರಿ ಬೇಕು. ಸಿರಿಂಜ್‌ನಲ್ಲಿ ಹಾಲು, ಮೊಸರನ್ನದ ಗಂಜಿ ಹಾಕಿದರೆ ಅಷ್ಟು ತಲುಪುವುದಿಲ್ಲ, ಪ್ರೋಟೀನೂ ಸಾಲದು. ಬಲವಂತ ಮಾಡಿದರೆ ಊಟ ಕಂಡರೇ ಓಡುವ ಹಾಗಾಗುತ್ತದೆ. ಮೂಗಿನ ಮೂಲಕ ಹಾಕುವ ಸಪೂರ ಟ್ಯೂಬ್‌ಗೆ ಅರಿವಳಿಕೆ ಬೇಕಿಲ್ಲ, ಇವತ್ತೇ ಹಾಕಿಸಬಹುದು. ಕುತ್ತಿಗೆಯ ಪಕ್ಕದಿಂದ ಅನ್ನನಾಳಕ್ಕೆ ಹಾಕುವ ಟ್ಯೂಬ್ ಇನ್ನೂ ಒಳ್ಳೆಯದು, ವಾರಗಟ್ಟಲೆ ಇಡಬಹುದು, ಆದರೆ ಸ್ವಲ್ಪ ಹೊತ್ತಿನ ಅರಿವಳಿಕೆ ಬೇಕು, ರಕ್ತ ಹೆಪ್ಪುಗಟ್ಟುವುದು ಸರಿಯಾದ ಮೇಲೆ ಹಾಕಿಸಿ. ಮೊದಲ ದಿನವೇ ಪೂರ್ತಿ ಆಹಾರ ಕೊಡಬೇಡಿ. ಮೂರನೇ ಒಂದು ಭಾಗದಿಂದ ಶುರು ಮಾಡಿ ಮೂರು ನಾಲ್ಕು ದಿನದಲ್ಲಿ ಪೂರ್ತಿಗೆ ತರಬೇಕು, ಆ ದಿನಗಳಲ್ಲಿ ರಕ್ತದ ಫಾಸ್ಫರಸ್ ಮತ್ತು ಪೊಟ್ಯಾಸಿಯಂ ನೋಡುತ್ತಿರಬೇಕು, ಒಮ್ಮೆಲೇ ತಿನ್ನಿಸಿದರೆ ಅವು ಕುಸಿಯುತ್ತವೆ. ಎರಡನೇ ಸ್ಕ್ಯಾನ್ ಇದೆ ಅಂತ ರಾತ್ರಿಯಿಡೀ ಉಪವಾಸ ಹಾಕಬೇಡಿ. ಆರೋಗ್ಯವಾಗಿರುವ ಬೆಕ್ಕಾದರೆ 8 ರಿಂದ 12 ಗಂಟೆ ಖಾಲಿ ಹೊಟ್ಟೆ ಕೇಳುತ್ತೇವೆ, ಇದಕ್ಕೆ ಕೊನೆಯ ಟ್ಯೂಬ್ ಊಟ ಆಗಿ ನಾಲ್ಕೈದು ಗಂಟೆ ಬಿಟ್ಟರೆ ಸಾಕು.

ಸ್ಕ್ಯಾನ್‌ಗೆ ಹೋಗುವಾಗ ಮೊದಲ ರಿಪೋರ್ಟ್ ಜೊತೆಗೆ ಚಿತ್ರಗಳನ್ನೂ ಕೇಳಿ ತೆಗೆದುಕೊಂಡು ಹೋಗಿ, ಪ್ರಿಂಟ್‌ಗಿಂತ ವಿಡಿಯೋ ತುಣುಕು ಇದ್ದರೆ ಇನ್ನೂ ವಾಸಿ. ಬೆಕ್ಕು ಕಾಯಿಲೆ ಜಾಸ್ತಿ ನೋಡದ ಕಡೆ ಇದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗ, ಬೀದರ್‌ನಲ್ಲಿ ಕಾಲೇಜುಗಳಿವೆ. ಹೊರಡುವ ಮುಂಚೆ ಫೋನ್ ಮಾಡಿ, ಬೆಕ್ಕಿನ ಹೊಟ್ಟೆಯ ಸ್ಕ್ಯಾನ್ ಮಾಡುವವರು ಅವತ್ತು ಇರುತ್ತಾರಾ ಅಂತ ಕೇಳಿಕೊಳ್ಳಿ. ಅಲ್ಲಿಯ ತನಕ ಬೆಕ್ಕಿನ ಹೊಟ್ಟೆ ಇದ್ದಕ್ಕಿದ್ದ ಹಾಗೆ ಊದಿಕೊಂಡರೆ, ಮುಟ್ಟಿದರೆ ಕಿರುಚಿದರೆ, ಮೈ ತಣ್ಣಗಾದರೆ, ಅಥವಾ ತಲೆ ಎತ್ತಲಾಗದೆ ಜೊಲ್ಲು ಸುರಿಸುತ್ತಾ ಮಂಕಾದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ರಾತ್ರಿಯಾದರೂ ಸರಿ ಕರೆದುಕೊಂಡು ಹೋಗಿ.